ಊಜಿ ನೊಣ ನಮ್ಮೂರಿಗೆ ಬಂದ ಕಥೆ

ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಕಡೆ ಹುಳು ಮನೆ ಇರುವ ಯಾರನ್ನೇ ಕೇಳಿ. ಕಿಟಕಿಗೆ ನೈಲಾನ್ ಪರದೆ ಯಾಕೆ ಅಂದರೆ 'ಊಜಿ' ಅನ್ನುತ್ತಾರೆ. ನಮ್ಮ ಅಜ್ಜಂದಿರು ಹುಳು ಮೇಯಿಸುವಾಗ ಈ ಪರದೆ ಬೇಕಿರಲಿಲ್ಲ. 1980ಕ್ಕೆ ಮೊದಲು ಕರ್ನಾಟಕದ ರೈತರಿಗೆ ಊಜಿ ಕಾಟವೇ ಇರಲಿಲ್ಲ.

ಬಂಗಾಳದವರಿಗೆ ಇದು ಹಳೆಯ ಶತ್ರು. 1980ರಲ್ಲಿ ಪಶ್ಚಿಮ ಬಂಗಾಳದಿಂದ ತಂದ ಗೂಡುಗಳ ಜೊತೆ ಇಲ್ಲಿಗೆ ಬಂತು. ನೊಣ ತಾನಾಗಿ ಹಾರಿ ಬರಲಿಲ್ಲ, ನಾವೇ ಮೂಟೆ ಕಟ್ಟಿ ತಂದೆವು. ಗೂಡಿನೊಳಗಿದ್ದ ಮರಿ ಯಾರ ಕಣ್ಣಿಗೂ ಬೀಳಲಿಲ್ಲ. ಆಗ ನಮ್ಮ ತಾಲ್ಲೂಕುಗಳೆಲ್ಲ ಕೋಲಾರ ಜಿಲ್ಲೆಯಲ್ಲಿದ್ದವು. ಇಲ್ಲಿ ವರ್ಷವಿಡೀ ಒಂದಲ್ಲ ಒಂದು ಮನೆಯಲ್ಲಿ ಹುಳು ಇರುತ್ತದೆ. ನೊಣಕ್ಕೆ ಇದಕ್ಕಿಂತ ಇನ್ನೇನು ಬೇಕು?

ಅದರ ಕೆಲಸ ನೋಡಿ. ಹೆಣ್ಣು ನೊಣ ಹುಳುವಿನ ಮೈಮೇಲೆ ಸಣ್ಣ ಬಿಳಿ ಮೊಟ್ಟೆ ಅಂಟಿಸುತ್ತದೆ. ಎರಡು ಮೂರು ದಿನಕ್ಕೆ ಮರಿ ಒಡೆದು ಚರ್ಮ ಕೊರೆದು ಒಳಗೆ ಹೋಗುತ್ತದೆ. ಹೊಕ್ಕ ತೂತಿನಿಂದಲೇ ಉಸಿರಾಡುತ್ತದೆ. ನಾವು ನೋಡುವ ಕಪ್ಪು ಕಲೆ ಅದೇ. ಒಳಗಿದ್ದುಕೊಂಡೇ ಹುಳುವನ್ನು ತಿಂದು ಬೆಳೆಯುತ್ತದೆ.

ಉಣ್ಣೆ ಹಸುವಿನ ರಕ್ತ ಕುಡಿದರೂ ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಹಸು ಬದುಕಿದ್ದರೆ ತಾನೇ ಅದಕ್ಕೂ ಊಟ? ಊಜಿಗೆ ಆ ಚಿಂತೆಯಿಲ್ಲ. ತಾನು ಬಲಿಯುವವರೆಗೆ ಹುಳು ಬದುಕಿದ್ದರೆ ಸಾಕು. ಎಳೆಯ ವಯಸ್ಸಲ್ಲಿ ತಗುಲಿದರೆ ಹುಳು ಗೂಡು ಕಟ್ಟದೆ ಸಾಯುತ್ತದೆ. ಹಣ್ಣಾಗುವ ಹೊತ್ತಿಗೆ ತಗುಲಿದರೆ ಗೂಡೇನೋ ಕಟ್ಟುತ್ತದೆ, ಆದರೆ ಮರಿ ಅದನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನ ಎಳೆ ಕಡಿದುಹೋಗಿರುತ್ತದೆ, ರೀಲರ್‌ಗೆ ನೂಲು ಬಿಚ್ಚಲು ಬರುವುದಿಲ್ಲ. ತಿಂಗಳ ದುಡಿಮೆ, ಸೊಪ್ಪಿನ ಖರ್ಚು ಮಾರುಕಟ್ಟೆಯಲ್ಲಿ ಕವಡೆ ಬೆಲೆಗೆ ಹೋಗುತ್ತದೆ.

ಹುಳು ಮನೆಯಲ್ಲಿ ಕೀಟನಾಶಕ ಹೊಡೆದರೆ ರೇಷ್ಮೆ ಹುಳುವೂ ಸಾಯುತ್ತದೆ. ಹಾಗಾಗಿ ವಿಜ್ಞಾನಿಗಳು ಪರಾವಲಂಬಿಗೇ ಪರಾವಲಂಬಿ ಹುಡುಕಿದರು. ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜ ಊಜಿಯ ಕೋಶ ಚುಚ್ಚಿ ಅದರೊಳಗೆ ಮೊಟ್ಟೆ ಇಡುತ್ತದೆ. ಅದರ ಮರಿಗಳು ಊಜಿಯನ್ನು ತಿಂದು ಮುಗಿಸುತ್ತವೆ. ಊಜಿ ಹುಳುವಿಗೆ ಮಾಡಿದ್ದನ್ನೇ ಕಣಜ ಊಜಿಗೆ ಮಾಡುತ್ತದೆ. ಹುಳು ಮನೆಯಲ್ಲಿ ತೂಗು ಹಾಕುವ ಚೀಲಗಳಲ್ಲಿ ಇರುವುದು ಈ ಕಣಜವೇ.

ಆದರೂ ಊಜಿ ಹೋಗಿಲ್ಲ. ಹೊರಬಂದ ಮರಿ ನೆಲದ ಬಿರುಕು, ಮಣ್ಣು ಸೇರಿ ಕೋಶವಾಗುತ್ತದೆ, ಹತ್ತು ಹನ್ನೆರಡು ದಿನಕ್ಕೆ ಮತ್ತೆ ನೊಣ. ನೀವು ಬಿರುಕು ಮುಚ್ಚಿ ಪರದೆ ಕಟ್ಟಿದರೂ ಪಕ್ಕದ ಮನೆಯಲ್ಲಿ ಉಳಿದ ಮರಿಗಳು ನೊಣವಾಗಿ ಊರೆಲ್ಲ ಹರಡುತ್ತವೆ. ಬಂದದ್ದು ನಮ್ಮ ಕೈಯಿಂದ, ತಡೆಯಬೇಕಾದದ್ದೂ ಊರಿನವರೆಲ್ಲ ಕೈ ಸೇರಿಸಿಯೇ.