ಮನೆ ಕೈಬದಲಾದರೂ ಒಕ್ಕಲು ಕದಲದಂತೆ

ತಿಂಗಳು ತಿಂಗಳೂ ಬಾಡಿಗೆ ಸಲ್ಲಿಸಿ, ಗೋಡೆಗೆ ಮೊಳೆ ಹೊಡೆಯುವುದಕ್ಕೂ ಮಾಲೀಕನ ಅಪ್ಪಣೆ ಬೇಡಿ ಬಾಳಿದ ಸಂಸಾರವೊಂದು, ಮಾಲೀಕನು ಮನೆ ಮಾರಲು ಮನಸ್ಸು ಮಾಡಿದನೆಂಬ ಒಂದೇ ಕಾರಣಕ್ಕೆ ಬೀದಿಪಾಲಾಗಬೇಕೆ ಎಂಬ ಪ್ರಶ್ನೆ ಹೊಸದೇನಲ್ಲ. 1900ರಲ್ಲಿ ಜಾರಿಗೆ ಬಂದ ಜರ್ಮನಿಯ ಸಿವಿಲ್ ಸಂಹಿತೆಯು, ಕ್ರಯಕ್ಕೆ ಪಡೆದವನು ಬಾಡಿಗೆಯ ಕರಾರಿಗೂ ವಾರಸುದಾರನಾಗುತ್ತಾನೆಂದು ವಿಧಿಸಿತು. ಅದಕ್ಕೂ ಮೊದಲೇ ನಮ್ಮ 1882ರ ಸ್ವತ್ತು ಹಸ್ತಾಂತರ ಕಾಯಿದೆಯ 109ನೆಯ ಕಲಮು ಹೆಚ್ಚುಕಡಮೆ ಇದೇ ಮಾತನ್ನು ಹೇಳಿತ್ತು. ಹನ್ನೊಂದು ತಿಂಗಳ ಕರಾರು ಬರೆಸಿಕೊಂಡು ಆ ರಕ್ಷಣೆಯನ್ನು ತೆಳುವಾಗಿಸುವ ನಮ್ಮ ನಗರಗಳ ಜಾಣ್ಮೆ ಬೇರೆಯ ಕಥೆ.

ಮುಂದಿನ ಹೆಜ್ಜೆಯೆಂದರೆ ಬಾಡಿಗೆದಾರನಿಗೇ ಕೊಳ್ಳುವ ಮೊದಲ ಹಕ್ಕನ್ನು ಕೊಡುವುದು. ಫ್ರಾನ್ಸಿನ 1975ರ ಶಾಸನವೂ ವಾಷಿಂಗ್ಟನ್ ನಗರದ 1980ರ ಶಾಸನವೂ ಈ ಮಾರ್ಗ ಹಿಡಿದವು. ಕೈಯಲ್ಲಿ ಹಣವಿಲ್ಲದವನಿಗೆ ಇಂಥ ಹಕ್ಕು ಹಸಿದವನಿಗೆ ಹೋಟೆಲಿನ ಬಾಗಿಲು ತೋರಿಸಿದಂತೆಯೇ ಸರಿ. ವಾಷಿಂಗ್ಟನ್ನಿನಲ್ಲಿ ಅದನ್ನು ಮತ್ತೊಬ್ಬರಿಗೆ ವಹಿಸಿಕೊಡಬಹುದಾದ್ದರಿಂದ ಅದಕ್ಕೆ ಒಂದಿಷ್ಟು ಜೀವ ಬಂತು.

ಆದರೆ ಸರಕಾರವು ತನ್ನ ಬೊಕ್ಕಸವನ್ನೇ ಬಿಚ್ಚಿ ನಡುವೆ ಬಂದು ನಿಂತ ಪರಿಯನ್ನು ಕಾಣಬೇಕಾದರೆ ಐರ್ಲೆಂಡಿನತ್ತ ನೋಡಬೇಕು. ಅಲ್ಲಿನ 2004ರ ವಸತಿ ಬಾಡಿಗೆ ಕಾಯಿದೆ ಒಂದು ಕೈಯಿಂದ ಭದ್ರತೆ ಕೊಟ್ಟು, ಮಾರುವ ಉದ್ದೇಶವಿದ್ದರೆ ತೆರವು ಮಾಡಿಸಬಹುದೆಂದು ಇನ್ನೊಂದು ಕೈಯಿಂದ ಅದನ್ನು ಹಿಂತೆಗೆದುಕೊಂಡಿತ್ತು. ಏಕೆಂದರೆ ಜನರಿರುವ ಮನೆಗಿಂತ ಖಾಲಿ ಮನೆಗೆ ಪೇಟೆಯಲ್ಲಿ ಬೆಲೆ ಜಾಸ್ತಿ. 2016ರಲ್ಲಿ ಡಬ್ಲಿನ್ನಿನ ಹೊರವಲಯದ ಟಿರಲ್ಸ್‌ಟೌನ್ ಬಡಾವಣೆಯಲ್ಲಿ ಹಲವು ಕುಟುಂಬಗಳಿಗೆ ಒಟ್ಟೊಟ್ಟಿಗೆ ನೋಟೀಸು ಬಂದು ಕೋಲಾಹಲವೆದ್ದ ಮೇಲೆ, ಒಂದೇ ಬಡಾವಣೆಯಲ್ಲಿ ಆರು ತಿಂಗಳೊಳಗೆ ಹತ್ತು ಅಥವಾ ಹೆಚ್ಚು ಮನೆ ಮಾರುವವನು ಒಕ್ಕಲಿನ ಸಮೇತವೇ ಮಾರತಕ್ಕದ್ದೆಂಬ ತಿದ್ದುಪಡಿಯಾಯಿತು. ಹಾಗೆ ಮಾರಿದರೆ ಬೆಲೆ ಶೇಕಡಾ 20ಕ್ಕಿಂತ ಹೆಚ್ಚು ಕುಸಿದು ಮಾಲೀಕನಿಗೆ ಕಷ್ಟವಾಗುವುದಾದರೆ ವಿನಾಯಿತಿಯೂ ಉಂಟು. ಒಂದೆರಡು ಮನೆಯ ಸಣ್ಣ ಮಾಲೀಕನಿಗಂತೂ ಈ ನಿಯಮ ತಟ್ಟಲೇ ಇಲ್ಲ.

2022ರ ಚಳಿಗಾಲದಲ್ಲಿ ಒಕ್ಕಲೆಬ್ಬಿಸುವುದಕ್ಕೆ ಹೇರಿದ ತಾತ್ಕಾಲಿಕ ನಿಷೇಧವು 2023ರ ಮಾರ್ಚ್ 31ಕ್ಕೆ ಕೊನೆಗೊಳ್ಳಲಿದ್ದಾಗ, ನೋಟೀಸು ಪಡೆದವರ ಮನೆಗಳನ್ನು ಸ್ಥಳೀಯ ಸಂಸ್ಥೆಗಳೇ ಕೊಂಡುಕೊಳ್ಳುವ ಯೋಜನೆಯನ್ನು ವಿಸ್ತರಿಸಿ, ಆ ವರ್ಷಕ್ಕೆ 1,500 ಮನೆಗಳ ಗುರಿಯನ್ನು ಸರಕಾರ ಇಟ್ಟುಕೊಂಡಿತು. ಇದು ಬಾಡಿಗೆಗೆ ಸರಕಾರದ ನೆರವು ಪಡೆಯುತ್ತಿದ್ದವರಿಗಾಗಿ. ವರಮಾನದ ಮಿತಿ ದಾಟಿದ್ದರಿಂದ ಆ ನೆರವಿಗೆ ಹೊರಗಾದವರ ಮನೆಗಳನ್ನು ಅದೇ ಏಪ್ರಿಲಿನಿಂದ ವಸತಿ ಏಜೆನ್ಸಿ ಕೊಳ್ಳತೊಡಗಿತು. ಕ್ರಯ ಮುಗಿದ ದಿನ ಸಂಸಾರದ ಒಂದು ಪಾತ್ರೆಯೂ ಅಲುಗುವುದಿಲ್ಲ, ಮಕ್ಕಳ ಶಾಲೆ ಬದಲಾಗುವುದಿಲ್ಲ. ಬಾಡಿಗೆ ಮಾತ್ರ ಇನ್ನೊಂದು ಖಾತೆಗೆ ಹೋಗುತ್ತದೆ.

ಇದರಿಂದ ನಾಡಿಗೆ ಒಂದು ಮನೆಯೂ ಹೊಸದಾಗಿ ಸೇರುವುದಿಲ್ಲ, ಮೊದಲ ಸಲ ಮನೆ ಕೊಳ್ಳ ಹೊರಟ ತರುಣರೊಡನೆ ಸರಕಾರವೇ ಪೈಪೋಟಿಗಿಳಿದಂತಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೂ ಹೋಟೆಲು ಕೋಣೆಗಳಲ್ಲಿ ನಿರ್ವಸಿತರನ್ನು ತಿಂಗಳುಗಟ್ಟಲೆ ಇರಿಸುವ ವೆಚ್ಚವನ್ನು ಪಕ್ಕದಲ್ಲಿಟ್ಟು ನೋಡಿದರೆ ಆಕ್ಷೇಪದ ತೂಕ ಇಳಿಯುತ್ತದೆಂದೇ ನನ್ನ ಎಣಿಕೆ. ನಿಜವಾದ ತೊಡಕಿರುವುದು ಕಾಲದಲ್ಲಿ. ಒಂದು ವರ್ಷದಿಂದ ಏಳು ವರ್ಷದವರೆಗೆ ಇದ್ದ ಒಕ್ಕಲಿಗೆ ನೋಟೀಸಿನ ಅವಧಿ 180 ದಿನ. ಅಷ್ಟರೊಳಗೆ ಮಾಲೀಕನು ಮಾರಲು ಒಪ್ಪಬೇಕು, ಇಂಜಿನಿಯರು ಬಂದು ಮಾಡಿನ ಸೋರಿಕೆಯನ್ನೂ ವಿದ್ಯುತ್ ತಂತಿಗಳನ್ನೂ ಪರೀಕ್ಷಿಸಬೇಕು, ಬೆಲೆ ಕುದುರಬೇಕು, ವಕೀಲರು ಹಕ್ಕುಪತ್ರಗಳನ್ನು ಶೋಧಿಸಬೇಕು, ಮಂಜೂರಾದ ಹಣ ಆ ವರ್ಷದ ಲೆಕ್ಕದಲ್ಲಿ ಇನ್ನೂ ಉಳಿದಿರಬೇಕು. ಅಷ್ಟೂ ದಿನ ಆ ಮನೆಯಾಕೆ, ಕಟ್ಟಿದ ಪೆಟ್ಟಿಗೆಗಳನ್ನು ಬಿಚ್ಚಲೂ ಆಗದೆ ಸಾಗಿಸಲೂ ಆಗದೆ, ಕ್ಯಾಲೆಂಡರಿನ ಹಾಳೆಗಳನ್ನು ಎಣಿಸುತ್ತ ಕೂತಿರುತ್ತಾಳೆ.