ಟೈರ್ ಅಳತೆ ಮತ್ತು ಇಂಧನ ಮಿತವ್ಯಯ: ಓಡೋಮೀಟರ್ ತಿದ್ದುಪಡಿಯ ಪ್ರಶ್ನೆ

ದೊಡ್ಡ ಟೈರ್ ಹಾಕಿಸಿದ ಮೇಲೆ ಮೈಲೇಜ್ ಇಳಿಯಿತೆಂಬ ದೂರು ಸಾಮಾನ್ಯ. ಆ ಇಳಿಕೆಯಲ್ಲಿ ಇಂಧನದ ಪಾಲೆಷ್ಟು, ಅಳತೆಯ ದೋಷದ ಪಾಲೆಷ್ಟು ಎಂದು ಬೇರ್ಪಡಿಸದೆ ಕಾರಣ ಹುಡುಕುವುದು ವ್ಯರ್ಥವೆಂಬುದು ಈ ಲೇಖನದ ವಾದ.

185/65 ಆರ್15 ಟೈರನ್ನು ತೆಗೆದುಕೊಳ್ಳೋಣ. ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ಶೇ. 65, ರಿಮ್ 15 ಅಂಗುಲ, ಹೊರವ್ಯಾಸ 621.5 ಮಿ.ಮೀ. ಇದರ ಬದಲು 205/65 ಆರ್15 ಹಾಕಿದರೆ ವ್ಯಾಸ 647.5 ಮಿ.ಮೀ., ಅಂದರೆ ಶೇ. 4.2 ಹೆಚ್ಚು. ಓಡೋಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು, ದಾಟಿದ ನೆಲವನ್ನಲ್ಲ. ಕಾರು 500 ಕಿ.ಮೀ. ಓಡಿದಾಗ ಅದು ತೋರಿಸುವುದು 480. ಅಷ್ಟಕ್ಕೆ 25 ಲೀಟರ್ ಪೆಟ್ರೋಲ್ ಖರ್ಚಾಗಿದ್ದರೆ ನಿಜವಾದ ಮೈಲೇಜ್ 20, ಮಾಲೀಕನ ಲೆಕ್ಕಕ್ಕೆ ಸಿಗುವುದು 19.2. ಒಂದು ಹನಿಯೂ ಹೆಚ್ಚು ಸುಡದೆ ಶೇ. 4ರ ನಷ್ಟ! (ಸ್ಪೀಡೋಮೀಟರೂ ಹೀಗೆಯೇ ಕಡಿಮೆ ತೋರಿಸುತ್ತದೆ, ಅದು ಪೊಲೀಸರ ದಂಡಕ್ಕೆ ಸೇರಿದ ವಿಷಯ, ಇಲ್ಲಿ ಬೇಡ.)

195/55 ಆರ್16ರ ವ್ಯಾಸ 620.9 ಮಿ.ಮೀ., ಮೂಲದ ಟೈರಿಗೆ ಬಹುತೇಕ ಸಮ. ಇಲ್ಲಿ ಮೈಲೇಜ್ ಇಳಿದರೆ ದೋಷವನ್ನು ಓಡೋಮೀಟರಿನ ಮೇಲೆ ಹೊರಿಸುವಂತಿಲ್ಲ. ಸಾಮಾನ್ಯವಾಗಿ ದೂರುವುದು ಚಕ್ರದ ತೂಕವನ್ನು. ಅಂಚಿನಲ್ಲಿ ಸೇರಿದ ತೂಕ ಮುಂದಕ್ಕೂ ಚಲಿಸಬೇಕು, ತಿರುಗಲೂ ಬೇಕು. ಆದ್ದರಿಂದ ವೇಗ ಹೆಚ್ಚಿಸುವಾಗ ಅದು ಹೆಚ್ಚೆಂದರೆ ಇಮ್ಮಡಿ ತೂಕದಂತೆ ವರ್ತಿಸುತ್ತದೆ. ಚಕ್ರಕ್ಕೆ 2 ಕೆ.ಜಿ.ಯಂತೆ ನಾಲ್ಕಕ್ಕೆ 8 ಕೆ.ಜಿ. ಸೇರಿದರೂ ಪರಿಣಾಮ 16 ಕೆ.ಜಿ.ಯದು. ಸಾವಿರ ಕೆ.ಜಿ. ಕಾರಿಗೆ ಇದು ಅಲ್ಪ. ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ಹೊರಡುವ ಊರಿನೊಳಗೆ ತುಸು ಕಂಡೀತು, ಹೆದ್ದಾರಿಯಲ್ಲಿ ಕಾಣದು. ತೂಕಕ್ಕೆ ಅದರ ಪಾಲಿಗಿಂತ ಹೆಚ್ಚಿನ ಅಪವಾದ ಬಂದಿದೆಯೆಂದೇ ನನ್ನ ಅಭಿಪ್ರಾಯ. ಅಗಲ ಟೈರ್ ಗಾಳಿಯನ್ನು ಕದಡುವುದು ಮಾತ್ರ ವೇಗ ಏರಿದಷ್ಟೂ ದುಬಾರಿ.

ಅಳತೆಗಿಂತ ದೊಡ್ಡದು ರಬ್ಬರಿನ ಗುಣ. ಉರುಳುವಾಗ ರಬ್ಬರ್ ಬಾಗಿ ಮತ್ತೆ ನೆಟ್ಟಗಾಗುವಲ್ಲಿ ಶಕ್ತಿಯ ಒಂದಂಶ ಶಾಖವಾಗಿ ಹೋಗುತ್ತದೆ. ಐರೋಪ್ಯ ಒಕ್ಕೂಟದ ಲೇಬಲ್‌ನಲ್ಲಿ ಕಾರಿನ ಟೈರ್ 'ಎ' ದರ್ಜೆ ಪಡೆಯಲು ಉರುಳು ಪ್ರತಿರೋಧ ಟನ್ನಿಗೆ 6.5 ಕೆ.ಜಿ. ಮೀರಬಾರದು, ಕೊನೆಯ 'ಇ' ದರ್ಜೆ ಶುರುವಾಗುವುದೇ 10.6ರಿಂದ. ಒಂದೇ ಅಳತೆಯ ಎರಡು ಟೈರ್‌ಗಳ ನಡುವೆಯೂ ಇಂಥ ಅಂತರ ಇರಬಹುದು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2006ರ ವರದಿಯ ಅಂದಾಜಿನಂತೆ ಉರುಳು ಪ್ರತಿರೋಧ ಶೇ. 10 ತಗ್ಗಿದರೆ ಇಂಧನ ಮಿತವ್ಯಯ ಶೇ. 1ರಿಂದ 2 ಸುಧಾರಿಸುತ್ತದೆ. ಬ್ರ್ಯಾಂಡನ್ನೂ ಅಳತೆಯನ್ನೂ ಒಟ್ಟಿಗೇ ಬದಲಿಸಿ ಅಳತೆಯನ್ನಷ್ಟೇ ದೂರುವ ಹೋಲಿಕೆ ಆದ್ದರಿಂದ ನಿಲ್ಲುವುದಿಲ್ಲ.

ಇನ್ನೊಂದು ತೊಡಕು ಸವೆತದ್ದು. ಸುಮಾರು 8 ಮಿ.ಮೀ. ಇದ್ದ ಹೊಸ ಟೈರಿನ ಅಚ್ಚು 1.6 ಮಿ.ಮೀ.ಗೆ ಸವೆದಾಗ ವ್ಯಾಸ 12.8 ಮಿ.ಮೀ., ಅಂದರೆ ಶೇ. 2ರಷ್ಟು ಕುಗ್ಗಿರುತ್ತದೆ. ಆಗ ಓಡೋಮೀಟರ್ ಹೆಚ್ಚು ದೂರ ತೋರಿಸುತ್ತದೆ. ಬಾಗುವ ರಬ್ಬರ್ ಕಡಿಮೆಯಾದ್ದರಿಂದ ಪ್ರತಿರೋಧವೂ ತಗ್ಗಿರುತ್ತದೆ. ಹಾಗಾಗಿ ಅದೇ ಅಳತೆಯ, ಅದೇ ಬ್ರ್ಯಾಂಡಿನ ಹೊಸ ಟೈರ್ ಹಾಕಿಸಿದವನಿಗೂ ಮೈಲೇಜ್ ಇಳಿದಂತೆಯೇ ಕಾಣುತ್ತದೆ.