ಹುಲಿಯ ಊರುಗೋಲು: ಒಂದು ಬೇರು, ಹಲವು ಜನ್ಮ

1847ರಲ್ಲಿ ಹಾಲೆಂಡಿನ ಉಟ್ರೆಕ್ಟ್ ನಗರದ ಕೃಷಿ ಮತ್ತು ತೋಟಗಾರಿಕೆ ಸಂಘವು ಆ ವರ್ಷದ ಅತ್ಯಂತ ಸ್ವಾರಸ್ಯಕರ ಅಲಂಕಾರ ಸಸ್ಯಕ್ಕೆ ಚಿನ್ನದ ಪದಕ ನೀಡಿತು. ಪದಕ ಗೆದ್ದದ್ದು ಜಪಾನಿನಿಂದ ಬಂದಿದ್ದ ಗಿಡ. ಬಿದಿರಿನಂತೆ ಗಿಣ್ಣುಗಿಣ್ಣಾದ ಪೊಳ್ಳು ಕಾಂಡ, ಹೃದಯವನ್ನು ನೆನಪಿಸುವ ಎಲೆ, ಬಿಳಿಯ ಸಣ್ಣ ಹೂಗೊಂಚಲು. ಅದಾಗಿ 134 ವರ್ಷಗಳ ನಂತರ, 1981ರಲ್ಲಿ, ಬ್ರಿಟನ್ ಇದೇ ಗಿಡವನ್ನು ಕಾಡುಮೇಡಿನಲ್ಲಿ ನೆಡುವುದು ಅಪರಾಧವೆಂದು ಕಾನೂನು ಮಾಡಿತು. ಇಂದು ಅದರ ಬೇರಿನ ಸಾರ ಗುಳಿಗೆಯ ರೂಪದಲ್ಲಿ, ಆಯುಷ್ಯ ಹೆಚ್ಚಿಸುವ ಭರವಸೆಯೊಡನೆ ಮಾರಾಟವಾಗುತ್ತಿದೆ. ಈ ಗಿಡದ ಹೆಸರು ಜಪಾನೀಸ್ ನಾಟ್‌ವೀಡ್.

ಪದಕ, ನಿಷೇಧ, ಗುಳಿಗೆ ಇವೆಲ್ಲಕ್ಕೂ ಮೊದಲು ಅದು ಮದ್ದಾಗಿತ್ತು. ಚೀನಾದಲ್ಲಿ ಇದಕ್ಕೆ 'ಹುಝಾಂಗ್' ಎನ್ನುತ್ತಾರೆ. ಹುಲಿಯ ಊರುಗೋಲು ಎಂದು ಅದರ ಅರ್ಥ. ಕಾಂಡದ ಮೇಲಿನ ಕೆಂಪು ಚುಕ್ಕೆಗಳನ್ನು ಕಂಡವರಿಗೆ ಈ ಹೆಸರು ಹೊಂದುತ್ತದೆಂದು ಅನಿಸದಿರದು. ಜಪಾನಿನಲ್ಲಿ ಇದು 'ಇತಾದೊರಿ'. ನೋವನ್ನು ತೆಗೆಯುವಂಥದ್ದು ಎಂದು ಅಲ್ಲಿನ ಜನ ಈ ಹೆಸರನ್ನು ಬಿಡಿಸುತ್ತಾರೆ. ಎಳೆ ಎಲೆಗಳನ್ನು ಜಜ್ಜಿ ಗಾಯಕ್ಕೆ ಹಚ್ಚುವ ರೂಢಿ ಅಲ್ಲಿತ್ತು. ಚೀನೀ ವೈದ್ಯದಲ್ಲಿ ಒಣಗಿಸಿದ ಬೇರಿನ ಕಷಾಯವನ್ನು ಕಾಮಾಲೆ, ಕೀಲುನೋವು, ಕೆಮ್ಮು, ಸುಟ್ಟ ಗಾಯ, ನಿಂತುಹೋದ ಮುಟ್ಟು ಇಷ್ಟಕ್ಕೂ ಬಳಸುತ್ತಾರೆ.

ಚೀನಾದ ಅಧಿಕೃತ ಔಷಧಸಂಹಿತೆಯಲ್ಲಿ ಈ ಬೇರಿಗೆ ಇಂದಿಗೂ ಸ್ಥಾನವಿದೆ. ಕಷಾಯಕ್ಕೆ ದಿನಕ್ಕೆ 9ರಿಂದ 15 ಗ್ರಾಂ ಎಂಬ ಅಳತೆಯೂ, ಗರ್ಭಿಣಿಯರು ಎಚ್ಚರದಿಂದಿರಬೇಕೆಂಬ ಸೂಚನೆಯೂ ಅದರಲ್ಲಿವೆ. ಈ ಎಚ್ಚರಿಕೆಯ ಹಿನ್ನೆಲೆ ಸುಲಭವಾಗಿ ಅರ್ಥವಾಗುತ್ತದೆ. ನಿಂತ ಮುಟ್ಟನ್ನು ಹರಿಸುತ್ತದೆಂದು ನಂಬಲಾದ ಮದ್ದು ಬಸುರಿಗೆ ಒಳ್ಳೆಯದಾಗುವುದೆಂದು ಯಾರು ಹೇಳಿಯಾರು? ಬೇರು, ಅಳತೆ, ಯಾರಿಗೆ ಬೇಡ ಎಂಬ ಮಾತು ಈ ಮೂರೂ ಕೂಡಿದ್ದೇ ಹಳೆಯ ಮದ್ದು ಎಂಬುದನ್ನು ಇಲ್ಲಿ ಗಮನಿಸಬೇಕು.

ಯುರೋಪಿಗೆ ಹೋದದ್ದು ಈ ಮೂರರಲ್ಲಿ ಬೇರು ಮಾತ್ರ. ಅದನ್ನು ಒಯ್ದವನು ಫಿಲಿಪ್ ಫ್ರಾಂಜ್ ಫಾನ್ ಸೀಬೋಲ್ಡ್ ಎಂಬ ಜರ್ಮನ್ ವೈದ್ಯ. 1823ರಲ್ಲಿ ನಾಗಸಾಕಿ ಬಂದರಿನ ದೆಜಿಮಾ ಎಂಬ ಪುಟ್ಟ ದ್ವೀಪದ ಡಚ್ ಕೋಠಿಗೆ ವೈದ್ಯನಾಗಿ ಬಂದ ಸೀಬೋಲ್ಡ್, ಜಪಾನಿನ ನಕ್ಷೆಗಳನ್ನು ಸಂಗ್ರಹಿಸಿದ ಆರೋಪದ ಮೇಲೆ 1829ರಲ್ಲಿ ಗಡೀಪಾರಾದ. ಆಮೇಲೆ ಲೈಡನ್ ನಗರದಲ್ಲಿ ಸಸ್ಯೋದ್ಯಾನ ತೆರೆದು ಪೂರ್ವದೇಶದ ಗಿಡಗಳನ್ನು ಮಾರತೊಡಗಿದ. ನಾಟ್‌ವೀಡ್ ಉದ್ಯಾನದ ಶೋಭೆಗಷ್ಟೇ ಅಲ್ಲ, ಮರಳುದಿಬ್ಬಗಳನ್ನು ಹಿಡಿದಿಡಲು, ದನಗಳ ಮೇವಿಗೆ ಕೂಡ ಒಳ್ಳೆಯದೆಂಬ ಪ್ರಚಾರ ನಡೆಯಿತು. 1850ರಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೂ ಅದು ತಲುಪಿತು.

ಮುಂದಿನದು ಹರಡುವಿಕೆಯ ಕಥೆ. ತವರಿನಲ್ಲಿ ಇದನ್ನು ಹದ್ದುಬಸ್ತಿನಲ್ಲಿ ಇಡುತ್ತಿದ್ದ ಕೀಟಗಳು, ಶಿಲೀಂಧ್ರಗಳು ಬ್ರಿಟನ್ನಿನಲ್ಲಿ ಇರಲಿಲ್ಲ. ಬ್ರಿಟನ್ನಿನ ಜಪಾನೀಸ್ ನಾಟ್‌ವೀಡ್ ಪೂರ್ತಿ ಒಂದೇ ಹೆಣ್ಣುಗಿಡದ ತದ್ರೂಪುಗಳೆಂದು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಬೀಜದ ಹಂಗಿಲ್ಲ, ಒಂದು ಗ್ರಾಮಿಗೂ ಕಡಿಮೆ ತೂಕದ ಬೇರಿನ ಚೂರಿಂದ ಹೊಸ ಗಿಡ ಏಳಬಲ್ಲದು. 2012ರ ಒಲಿಂಪಿಕ್ಸ್‌ಗೆ ಲಂಡನ್ನಿನಲ್ಲಿ ನೆಲ ಸಿದ್ಧಪಡಿಸುವಾಗಲೂ ಇದನ್ನು ಕಿತ್ತೊಗೆಯಲು ದೊಡ್ಡ ಕಾರ್ಯಾಚರಣೆಯೇ ನಡೆಯಬೇಕಾಯಿತು. ಗಿಡವಿರುವ ಮನೆಗೆ ಬ್ಯಾಂಕಿನ ಸಾಲ ಸಿಗುವುದೂ ಕಷ್ಟ. 2010ರಲ್ಲಿ ಜಪಾನಿನಿಂದಲೇ ಒಂದು ಪುಟ್ಟ ಹೇನುಜಾತಿಯ ಕೀಟವನ್ನು ತಂದು ಬಿಡಲಾಯಿತು.

ಇಷ್ಟರ ನಡುವೆ ಬೇರು ಇನ್ನೊಂದು ಬಾಗಿಲಿನಿಂದ ಔಷಧದಂಗಡಿ ಸೇರಿತು. 1963ರಲ್ಲಿ ಜಪಾನಿನ ವಿಜ್ಞಾನಿಗಳು ಇದರಲ್ಲಿ ರೆಸ್ವೆರಟ್ರಾಲ್ ಎಂಬ ವಸ್ತುವನ್ನು ಗುರುತಿಸಿದ್ದರು. ಆಗ ಅದಕ್ಕೆ ಹೆಚ್ಚಿನ ಮಹತ್ವ ಬರಲಿಲ್ಲ. 1992ರಲ್ಲಿ ಅದೇ ವಸ್ತು ದ್ರಾಕ್ಷಿಯ ವೈನಿನಲ್ಲಿಯೂ ಇದೆಯೆಂದು ಗೊತ್ತಾಯಿತು. ಕೊಬ್ಬಿನ ಊಟ ಮಾಡಿಯೂ ಫ್ರೆಂಚರಿಗೆ ಹೃದ್ರೋಗ ಕಡಿಮೆಯೇಕೆ ಎಂದು ಜನ ಚರ್ಚಿಸುತ್ತಿದ್ದ ಕಾಲವದು. ಉತ್ತರ ಸಿಕ್ಕಿತೆಂದು ಹಲವರು ಭಾವಿಸಿದರು. ಕರ್ನಾಟಕದ ಮನೆಗಳಿಗೂ ಪರಿಚಿತವಾದ ಆಯುರ್ವೇದದ ದ್ರಾಕ್ಷಾಸವದಲ್ಲಿ ಕೂಡ ಈ ವಸ್ತುವಿದೆಯೆಂದು 1999ರ ಒಂದು ಅಧ್ಯಯನ ಹೇಳಿತು. ಆದರೆ ಒಂದು ಲೀಟರ್ ವೈನಿನಲ್ಲಿ ಇರುವುದು ಕೆಲವೇ ಮಿಲಿಗ್ರಾಂ. ಗುಳಿಗೆ ಮಾಡುವವರಿಗೆ ಅಗ್ಗದ, ಹೇರಳವಾದ ಮೂಲ ಬೇಕಿತ್ತು. ಹುಲಿಯ ಊರುಗೋಲು ನೆನಪಾದದ್ದು ಹೀಗೆ.

2006ರಲ್ಲಿ, ಕೊಬ್ಬು ತಿನ್ನಿಸಿದ ಇಲಿಗಳು ರೆಸ್ವೆರಟ್ರಾಲ್ ಕೊಟ್ಟಾಗ ಹೆಚ್ಚು ಕಾಲ ಬದುಕಿದವೆಂಬ ವರದಿ ಬಂದಿತು. 2008ರಲ್ಲಿ ಗ್ಲಾಕ್ಸೋಸ್ಮಿತ್‌ಕ್ಲೈನ್ ಸಂಸ್ಥೆ ಈ ಕ್ಷೇತ್ರದ ಒಂದು ಕಂಪೆನಿಯನ್ನು 72 ಕೋಟಿ ಡಾಲರಿಗೆ ಕೊಂಡಿತು. ಎರಡೇ ವರ್ಷದಲ್ಲಿ ಉತ್ಸಾಹ ಇಳಿಯಿತು. ಮಜ್ಜೆಯ ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 5 ಗ್ರಾಂ ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ ಕೆಲವರ ಮೂತ್ರಪಿಂಡ ಕೆಟ್ಟಿದ್ದರಿಂದ 2010ರಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಕ್ಯಾನ್ಸರೇ ಮೂತ್ರಪಿಂಡಕ್ಕೆ ಹಾನಿ ಮಾಡುವಂಥದ್ದು ನಿಜ. ಆದರೂ ನಿಲ್ಲಿಸುವುದೇ ಕ್ಷೇಮವೆನಿಸಿತು. ಇಟಲಿಯ ಕಿಯಾಂತಿ ಪ್ರದೇಶದ 783 ಮಂದಿ ವೃದ್ಧರ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಆಹಾರದಿಂದ ಬಂದ ರೆಸ್ವೆರಟ್ರಾಲ್‌ಗೂ ದೀರ್ಘಾಯುಷ್ಯಕ್ಕೂ ಅಲ್ಲಿ ನಂಟು ಕಾಣಲಿಲ್ಲ. ನುಂಗಿದ ವಸ್ತುವನ್ನು ಕರುಳು ಹೀರಿಕೊಂಡರೂ ಯಕೃತ್ತು ಅದನ್ನು ಬಹುಬೇಗ ರೂಪಾಂತರಿಸಿಬಿಡುತ್ತದೆ. ಮೂಲರೂಪದಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚೀನಾದ ಔಷಧಸಂಹಿತೆ ಬೇರಿನ ಗುಣಮಟ್ಟಕ್ಕೆ ಎರಡು ವಸ್ತುಗಳ ಲೆಕ್ಕ ಕೇಳುತ್ತದೆ: ಎಮೊಡಿನ್ ಕನಿಷ್ಠ ಶೇ. 0.6, ರೆಸ್ವೆರಟ್ರಾಲ್‌ನ ಸಕ್ಕರೆಬೆಸೆದ ರೂಪವಾದ ಪಾಲಿಡೇಟಿನ್ ಕನಿಷ್ಠ ಶೇ. 0.15. ಎಮೊಡಿನ್ ಎಂಬ ಹೆಸರು ಬಂದದ್ದು ನಾಟ್‌ವೀಡ್‌ನ ಸಂಬಂಧಿಯಾದ ಹಿಮಾಲಯದ ರೇವಲ್ಚಿನ್ನಿಯಿಂದ. ಸೋನಾಮುಖಿಯ ಸತ್ವವಿರುವ ರಾಸಾಯನಿಕ ಕುಟುಂಬಕ್ಕೇ ಇದೂ ಸೇರಿದ್ದು. ಗುಣವೂ ಅದೇ, ಭೇದಿ ಮಾಡಿಸುವುದು. ಸರಿಯಾಗಿ ಶುದ್ಧಿ ಮಾಡದ ಅಗ್ಗದ ಸಾರದಲ್ಲಿ ಎಮೊಡಿನ್ ಉಳಿದುಕೊಳ್ಳುತ್ತದೆ. ಆಯುಷ್ಯಕ್ಕೆಂದು ಗುಳಿಗೆ ನುಂಗಿದವರ ಹೊಟ್ಟೆ ಕೆಡುವುದಕ್ಕೆ ಇದೂ ಒಂದು ಕಾರಣ. ಶುದ್ಧ ರೆಸ್ವೆರಟ್ರಾಲ್ ಕೂಡ ದಿನಕ್ಕೆ ಎರಡೂವರೆ ಗ್ರಾಂ ಮುಟ್ಟಿದರೆ ಆರೋಗ್ಯವಂತರಲ್ಲಿಯೇ ವಾಕರಿಕೆ, ಭೇದಿ ತರಬಲ್ಲದು. ಕಾರ್ಖಾನೆಯಲ್ಲಿ ತಯಾರಾದ ರೆಸ್ವೆರಟ್ರಾಲ್‌ಗೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲಿ ದಿನಕ್ಕೆ 150 ಮಿಲಿಗ್ರಾಂ ಎಂಬ ಮಿತಿಯನ್ನು ಒಪ್ಪಿಕೊಂಡಿತು. ಅದು ಶುದ್ಧ ವಸ್ತುವಿನ ಮಾತು. ಬೇರಿನ ಪುಡಿಗೆ ಅನ್ವಯಿಸುವುದಿಲ್ಲ.

ಎಚ್ಚರ ಹೆಚ್ಚು ಬೇಕಾದದ್ದು ಬೇರೆ ಔಷಧ ಸೇವಿಸುತ್ತಿರುವವರಿಗೆ. ರೆಸ್ವೆರಟ್ರಾಲ್ ರಕ್ತದ ಕಣಗಳು ಅಂಟಿಕೊಳ್ಳುವುದನ್ನು ತಡೆಯುವುದನ್ನೂ, ಔಷಧಗಳನ್ನು ಅರಗಿಸುವ ಯಕೃತ್ತಿನ ಕಿಣ್ವಗಳನ್ನು ಮಂದಗೊಳಿಸುವುದನ್ನೂ ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ವಾರ್ಫರಿನ್‌ನಂತಹ ರಕ್ತ ತಿಳಿಮಾಡುವ ಔಷಧ ತೆಗೆದುಕೊಳ್ಳುವವರು ಇದನ್ನು ವೈದ್ಯರಿಗೆ ತಿಳಿಸದೆ ಸೇವಿಸುವುದು ರಕ್ತಸ್ರಾವದ ಅಪಾಯವನ್ನು ಆಹ್ವಾನಿಸಿದಂತೆ. ಎಳೆ ಚಿಗುರಿನಲ್ಲಿ ಆಕ್ಸಾಲಿಕ್ ಆಮ್ಲವಿದೆ. ಇದನ್ನು ತರಕಾರಿಯಾಗಿ ತಿನ್ನುವ ಜಪಾನಿನ ಕೋಚಿ ಪ್ರಾಂತದವರು ಸಿಪ್ಪೆ ಸುಲಿದು, ಬಿಸಿನೀರು ತೋರಿಸಿ, ನೀರಿನಲ್ಲಿ ನೆನೆಹಾಕಿಯೇ ಅಡುಗೆಗೆ ತೊಡಗುತ್ತಾರೆ. ಮೂತ್ರಕೋಶದ ಕಲ್ಲಿನ ಬಾಧೆಯುಳ್ಳವರು ದೂರವಿರುವುದೇ ಲೇಸು. ಯುರೋಪಿನ ರಸ್ತೆಬದಿಯ ಗಿಡವನ್ನು ಕಿತ್ತು ಮದ್ದು ಮಾಡುವುದಂತೂ ಸಲ್ಲದು. ಅದರ ಮೇಲೆ ಕಳೆನಾಶಕ ಬಿದ್ದಿರುವ ಸಾಧ್ಯತೆ ಹೆಚ್ಚು.

ಅಮೆರಿಕದಲ್ಲಿ ಈ ಬೇರಿಗೆ ಮತ್ತೊಂದು ಹೆಸರು ಬಂದಿದೆ. ಉಣ್ಣೆಹುಳುವಿನಿಂದ ಹರಡುವ ಲೈಮ್ ಕಾಯಿಲೆಗೆ ನಾಟ್‌ವೀಡ್ ಒಳ್ಳೆಯದೆಂದು ಸ್ಟೀಫನ್ ಬೂನರ್ ಎಂಬ ಗಿಡಮೂಲಿಕೆ ಲೇಖಕ 2005ರ ತನ್ನ ಪುಸ್ತಕದಲ್ಲಿ ಬರೆದ. 2020ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಬೇರಿನ ಸಾರ ಆ ರೋಗಾಣುವನ್ನು ಕೊಲ್ಲುತ್ತದೆಂದು ತೋರಿಸಿದರು. ಆದರೆ ಅದು ಗಾಜಿನ ಪಾತ್ರೆಯಲ್ಲಿ. ಪಾತ್ರೆಯಿಂದ ಮನುಷ್ಯದೇಹಕ್ಕೆ ದಾರಿ ದೂರ. ಈ ಕಾಯಿಲೆಯನ್ನು ಆರಂಭದಲ್ಲೇ ಹಿಡಿದರೆ ಡಾಕ್ಸಿಸೈಕ್ಲಿನ್‌ನಂತಹ ಆಂಟಿಬಯೋಟಿಕ್‌ಗಳಿಂದ ಸಾಮಾನ್ಯವಾಗಿ ಗುಣವಾಗುತ್ತದೆ. ಅದನ್ನು ಬಿಟ್ಟು ಬೇರಿನ ಮೊರೆಹೋದವರು ಕಳೆದುಕೊಳ್ಳುವುದು ಅಮೂಲ್ಯವಾದ ಆ ಮೊದಲ ವಾರಗಳನ್ನು.

ಶತಮಾನಗಳಿಂದ ಬಳಕೆಯಲ್ಲಿದೆ, ಆದ್ದರಿಂದ ಅಪಾಯವಿಲ್ಲ ಎಂಬ ಮಾತು ಗುಳಿಗೆಯ ಡಬ್ಬಿಗಳ ಮೇಲೆ ಹೊಸದೇನಲ್ಲ. ಶತಮಾನಗಳಿಂದ ಬಳಕೆಯಲ್ಲಿದ್ದದ್ದು ರೋಗಿಗೆಂದು ಅಳೆದು ಕೊಟ್ಟ ಕಷಾಯ. ಆರೋಗ್ಯವಂತರು ವರ್ಷಗಟ್ಟಲೆ ದಿನವೂ ನುಂಗುವ ಸಾಂದ್ರ ಸಾರಕ್ಕೆ ಆ ಚರಿತ್ರೆ ಸಾಕ್ಷಿ ಹೇಳಲಾರದು. ಸೀಬೋಲ್ಡ್ ಗಿಡವನ್ನು ತಂದ, ಅದನ್ನು ಅಂಕೆಯಲ್ಲಿಟ್ಟಿದ್ದ ಕೀಟವನ್ನು ತರಲಿಲ್ಲ. ಗುಳಿಗೆಯ ವ್ಯಾಪಾರ ಬೇರನ್ನು ತಂದಿತು, ಅದರ ಅಂಕೆಯಾಗಿದ್ದ ಅಳತೆಯನ್ನೂ ಎಚ್ಚರಿಕೆಯನ್ನೂ ಹಿಂದೆಯೇ ಬಿಟ್ಟುಬಂದಿತು. ಕೀಟವನ್ನು ತರಿಸಿಕೊಳ್ಳಲು ಬ್ರಿಟನ್ನಿಗೆ 160 ವರ್ಷ ಹಿಡಿಯಿತು.